ಗೇಟಿನವರೆಗೆ ಬಂದ ಫೈಬರ್

ಡೊಂಬಿವಲಿ ಪೂರ್ವದ ನಮ್ಮ ಹಳೆಯ ಸೊಸೈಟಿಯ ಗೇಟಿನವರೆಗೆ ಫೈಬರ್ ಕೇಬಲ್ 2024ರಲ್ಲೇ ಬಂದಿದೆ. ಮನೆಯೊಳಗೆ ಮಾತ್ರ ಇನ್ನೂ ಬಂದಿಲ್ಲ. ಕಂಪೆನಿಯವರು ಸೊಸೈಟಿಯ ಅನುಮತಿ ಪತ್ರ ಕೇಳುತ್ತಾರೆ. ಗೋಡೆಗೆ ತೂತು ಕೊರೆದರೆ ಮಳೆಗಾಲದಲ್ಲಿ ಸೋರುತ್ತದೆ ಎಂದು ಕಮಿಟಿಯವರು ಹೇಳುತ್ತಾರೆ. ಅವರ ಮಾತೂ ಸುಳ್ಳಲ್ಲ.

ನಮ್ಮಲ್ಲಿರುವುದು ಹಳೆಯ ಟೆಲಿಫೋನಿನ ತಾಮ್ರದ ತಂತಿ. ಎಕ್ಸ್‌ಚೇಂಜ್ ದೂರವಾದಷ್ಟೂ ಅದರ ವೇಗ ಕುಗ್ಗುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸಾಗುವ ಫೈಬರಿಗೆ ಆ ತೊಂದರೆ ಅಷ್ಟಿಲ್ಲ. 2004ರಲ್ಲಿ ಸರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದಿತ್ತು. 2023ರಲ್ಲಿ ಅದನ್ನು 2 ಮೆಗಾಬಿಟ್‌ಗೆ ಏರಿಸಿತು. ಅಂಕೆ ಏರಿತು, ನಮ್ಮ ತಂತಿ ಅದೇ.

ಕಳೆದ ತಿಂಗಳು ಮಗಳ ಉದ್ಯೋಗ ಸಂದರ್ಶನ ನಡುವೆಯೇ ನಿಂತುಹೋಯಿತು. ಅವಳು ಮೊಬೈಲ್ ಹಿಡಿದು ಟೆರೇಸಿಗೆ ಓಡಿದಳು. ಸಂಪರ್ಕ ಸಿಗುವಷ್ಟರಲ್ಲಿ ಸಮಯ ಮುಗಿದಿತ್ತು. ನನ್ನ ಮೇಲೆ ಸಿಟ್ಟಾಗಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಬ್ಯಾಂಕ್ ಗುಮಾಸ್ತನಾದ ನನಗೆ ಅರ್ಜಿ ಬರೆಯುವುದು ಗೊತ್ತು. ಹೊರಗೋಡೆ ಮುಟ್ಟದೆ ಮೆಟ್ಟಿಲ ಬದಿಯ ಪೈಪಿನೊಳಗೆ ಕೇಬಲ್ ಎಳೆಯಲಿ ಎಂದು ಬರೆದು, ಮನೆಮನೆಗೆ ಹೋಗಿ ಸಹಿ ಪಡೆದಿದ್ದೇನೆ. ಬರುವ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.

ಹಳೆಯ ಕಟ್ಟಡಗಳಲ್ಲಿರುವ ಸಂಘದ ಬಾಂಧವರೇ, ಕಂಪೆನಿಗಾಗಿ ಕಾಯುತ್ತಾ ಕೂರಬೇಡಿ. ಮೊದಲು ನಿಮ್ಮ ಕಮಿಟಿಯ ಬಾಗಿಲು ತಟ್ಟಿ.