ಡಬ್ಬಿಯ ಬ್ಲೂಬೆರಿ, ಗಾಡಿಯ ಪೇರಲ

ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಬ್ಲೂಬೆರಿಗೆ ಈಗ ‘ಸೂಪರ್‌ಫುಡ್’ ಎಂಬ ಬಿರುದು. ಹೊಸಪೇಟೆಯ ತಳ್ಳುಗಾಡಿಯಲ್ಲಿ ನಾಲ್ಕು ಸೀಳು ಮಾಡಿ, ಉಪ್ಪು-ಖಾರ ಸವರಿ ಕೊಡುವ ಪೇರಲಕ್ಕೆ ಆ ಬಿರುದಿಲ್ಲ. ಲೆಕ್ಕ ನೋಡಿ: 100 ಗ್ರಾಂ ಪೇರಲದಲ್ಲಿ ವಿಟಮಿನ್ ಸಿ 200 ಮಿಲಿಗ್ರಾಂಗೂ ಹೆಚ್ಚು, ಬ್ಲೂಬೆರಿಯಲ್ಲಿ 10ರ ಆಸುಪಾಸು. ಸೂಪರ್‌ಫುಡ್ ಎನ್ನುವುದಕ್ಕೆ ವಿಜ್ಞಾನದಲ್ಲಿ ಅಳತೆಗೋಲೇ ಇಲ್ಲ, ಅದು ಮಾರುವವರ ಮಾತು. ಹಣ್ಣುಗಳ ‘ಆಂಟಿಆಕ್ಸಿಡೆಂಟ್ ಅಂಕ’ಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದಲೇ ತೆಗೆದುಹಾಕಿತು. ಪ್ರಯೋಗಾಲಯದ ನಳಿಕೆಯಲ್ಲಿ ಕಂಡ ಶಕ್ತಿ ದೇಹದೊಳಗೂ ಹಾಗೇ ಕೆಲಸ ಮಾಡುತ್ತದೆ ಎನ್ನಲು ಪುರಾವೆ ಇರಲಿಲ್ಲ. ಕಂಪನಿಗಳು ಮಾತ್ರ ಆ ಅಂಕಗಳನ್ನೇ ಜಾಹೀರಾತಿಗೆ ಬಳಸುತ್ತಿದ್ದವು.

ಬ್ಲೂಬೆರಿಯಲ್ಲಿ ಆಂಥೋಸಯನಿನ್ ಎಂಬ ಬಣ್ಣದ ವಸ್ತು ಇದೆಯಲ್ಲ ಅನ್ನಬಹುದು. ಇದೆ, ಒಳ್ಳೆಯದೇ. ನಾಲಿಗೆಗೆ ಬಣ್ಣ ಹತ್ತಿಸುವ ನಮ್ಮ ನೇರಳೆ ಹಣ್ಣಿನಲ್ಲಿಯೂ ಅದೇ ಗುಂಪಿನ ವಸ್ತುವಿದೆ. ಹಾಗಂತ ನೇರಳೆಗೋ ಸಂಡೂರಿನ ಗುಡ್ಡದ ಸೀತಾಫಲಕ್ಕೋ ಸೂಪರ್‌ಫುಡ್ ಪಟ್ಟ ಕಟ್ಟಿದರೆ ಮತ್ತೆ ಅದೇ ತಪ್ಪು. ನೇರಳೆ ತಿಂದರೆ ಸಕ್ಕರೆ ಕಾಯಿಲೆ ವಾಸಿ ಎಂದು ನಂಬಿ ದಯವಿಟ್ಟು ಮಾತ್ರೆ ಬಿಡಬೇಡಿ. ಹಂಪಿ, ಕಂಪ್ಲಿ ಕಡೆಯ ಬಾಳೆಹಣ್ಣಿನ ಪೊಟ್ಯಾಸಿಯಂ ಬಹುತೇಕರಿಗೆ ಹಿತ, ಆದರೆ ಮೂತ್ರಪಿಂಡ ಸೋತವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಹಣ್ಣಿನ ಗುಣ ತಿನ್ನುವವರ ದೇಹ, ಪ್ರಮಾಣ, ಉಳಿದ ಊಟ ಎಲ್ಲದರ ಮೇಲೂ ನಿಂತಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ ದಿನಕ್ಕೆ ಸುಮಾರು 100 ಗ್ರಾಂ ಹಣ್ಣು. ಒಂದು ಡಬ್ಬಿ ಬ್ಲೂಬೆರಿಯ ದುಡ್ಡಿಗೆ ಅಷ್ಟು ಪೇರಲ ಮನೆಮಂದಿಗೆಲ್ಲ ಹಲವು ದಿನ ಬರುತ್ತದೆ.