ಇಂಬಳದ ಗಾಯವೂ ಕಿರುತಟ್ಟೆಯ ಬೀಗವೂ

ಮಳೆಗಾಲದಲ್ಲಿ ಹೆತ್ತೂರಿನಿಂದ ಬಿಸಿಲೆಯ ಕಡೆಗೆ ಕಾಡುದಾರಿಯಲ್ಲಿ ನಡೆದವರಿಗೆ ಇಂಬಳದ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ. ಕಾಲಿಗೆ ಸುಣ್ಣವನ್ನೋ ಹೊಗೆಸೊಪ್ಪನ್ನೋ ಸವರಿಕೊಂಡು ಹೊರಟರೂ ಅದು ಕಚ್ಚಿದ್ದು ತಿಳಿಯುವುದು ನೆತ್ತರು ಪಾದಕ್ಕಿಳಿದ ಮೇಲೆಯೇ. ಹೊಟ್ಟೆ ತುಂಬಿದ ಇಂಬಳ ಉದುರಿಹೋದರೂ ನೆತ್ತರು ಬಹಳ ಹೊತ್ತು ಒಸರುತ್ತಲೇ ಇರುತ್ತದೆ. ಕತ್ತಿ ತಾಗಿ ಆದ ಅಷ್ಟೇ ಸಣ್ಣ ಗಾಯವಾದರೋ ಕೆಲವೇ ನಿಮಿಷಗಳಲ್ಲಿ ಕಟ್ಟಿಕೊಳ್ಳುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು?

ನಮ್ಮ ರಕ್ತದಲ್ಲಿ ಕೆಂಪು ಮತ್ತು ಬಿಳಿಯ ಕಣಗಳಲ್ಲದೆ ಕಿರುತಟ್ಟೆಗಳು, ಎಂದರೆ ಪ್ಲೇಟ್‌ಲೆಟ್‌ಗಳು, ಇವೆ. ಇಟಲಿಯ ಬಿಟ್ಸೊಟ್ಸೆರೊ ಎಂಬ ವಿಜ್ಞಾನಿ ರಕ್ತವನ್ನು ತಡೆಯುವ ಅವುಗಳ ಕಾರ್ಯವನ್ನು 1882ರಲ್ಲಿ ವಿವರಿಸಿದನು. ಅವುಗಳ ಅಡ್ಡಳತೆ ಕೇವಲ 2ರಿಂದ 3 ಮೈಕ್ರಾನ್. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 1,50,000ದಿಂದ 4,50,000 ಇರುತ್ತವೆ. ನಾಳ ಹರಿದೊಡನೆ ಅವು ಅಲ್ಲಿಗೆ ಅಂಟಿಕೊಂಡು, ಒಂದಕ್ಕೊಂದು ಹೆಣೆದುಕೊಂಡು, ಬಿರುಕಿಗೆ ಬಿರಡೆಯಾಗುತ್ತವೆ. ಆದರೆ ಹೃದಯದ ನಾಳದೊಳಗೆ ಹೀಗೆ ಗಂಟು ಕಟ್ಟಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಕಿರುತಟ್ಟೆ ಸದಾ ಸಿದ್ಧವಾಗಿರಬೇಕು, ಆದರೂ ಸುಮ್ಮನಿರಬೇಕು.

ಇದನ್ನು ಸಾಧಿಸುವುದು ಕ್ಯಾಲ್ಸಿಯಂ. ಎಲೆಯಡಿಕೆಯ ಸುಣ್ಣದಲ್ಲಿರುವ ಧಾತುವೇ ಇದು. ವಿಶ್ರಾಂತಿಯಲ್ಲಿರುವ ಕಿರುತಟ್ಟೆಯ ಒಳದ್ರವದಲ್ಲಿ ಕ್ಯಾಲ್ಸಿಯಂ, ಹೊರಗಿನ ರಕ್ತದ್ರವದಲ್ಲಿರುವುದರ ಹತ್ತುಸಾವಿರದಲ್ಲೊಂದು ಪಾಲು ಮಾತ್ರ. ಒಳಗಿನ ಸಣ್ಣ ಕೊಳವೆಗಳಲ್ಲಿ ಅದರ ಉಗ್ರಾಣವಿದೆ. ಉಗ್ರಾಣದ ಬಾಗಿಲು ತೆರೆದು ಈ ಪ್ರಮಾಣ ಸುಮಾರು ಹತ್ತುಪಟ್ಟು ಏರಿದರೆ ಕಿರುತಟ್ಟೆ ಎಚ್ಚರಗೊಳ್ಳುತ್ತದೆ.

ಬಾಗಿಲಿನ ಬೀಗ ಯಾವುದು? ಪ್ರೋಟೀನಿಗೆ ಫಾಸ್ಫೇಟ್ ಗುಂಪೊಂದನ್ನು ತಗುಲಿಸಿದರೆ ಅದರ ನಡತೆಯೇ ಬದಲಾಗುತ್ತದೆ, ತೆಗೆದರೆ ಮೊದಲಿನಂತಾಗುತ್ತದೆ. ಇದನ್ನು 1950ರ ದಶಕದಲ್ಲಿ ಕಂಡ ಫಿಷರ್ ಮತ್ತು ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹರಿದ ನಾಳದಲ್ಲಿ ಹೊರಬಿದ್ದ ಕೊಲಾಜೆನ್ ಎಂಬ ನಾರನ್ನು ಕಿರುತಟ್ಟೆ ಮುಟ್ಟಿದಾಗ ಕೆಲವು ಪ್ರೋಟೀನುಗಳ ಮೇಲೆ ಫಾಸ್ಫೇಟ್ ಕೂರುತ್ತದೆ. ಅದರಿಂದ ಹುಟ್ಟಿದ ಪುಟ್ಟ ದೂತ ಅಣುವೊಂದು ಉಗ್ರಾಣವನ್ನು ತೆರೆಯುತ್ತದೆ. ನಾಳ ಕ್ಷೇಮವಾಗಿದ್ದಾಗಲಾದರೋ ಅದರ ಒಳಗೋಡೆ ನೈಟ್ರಿಕ್ ಆಕ್ಸೈಡನ್ನೂ ಪ್ರಾಸ್ಟಸೈಕ್ಲಿನನ್ನೂ ಸ್ರವಿಸುತ್ತದೆ. ಇವುಗಳ ಪ್ರೇರಣೆಯಿಂದ ಬೇರೆ ಪ್ರೋಟೀನುಗಳ ಮೇಲೆ ಫಾಸ್ಫೇಟ್ ಕೂತು ಬಾಗಿಲನ್ನು ಬಿಗಿಹಿಡಿಯುತ್ತದೆ. ಫಾಸ್ಫೇಟ್ ಒಂದೇ; ಕೂರುವ ಸ್ಥಳದಿಂದ ಅದು ಕೀಲಿಯೂ ಹೌದು, ಅಗುಳಿಯೂ ಹೌದು.

ಗಾಯದಲ್ಲಿ ಹುಟ್ಟುವ ಥ್ರಾಂಬಿನ್ ಎಂಬ ಕಿಣ್ವ ಬೇರೊಂದು ಹಾದಿಯಲ್ಲಿ ಅದೇ ದೂತನನ್ನು ಕಳುಹಿಸುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಳೆಗಳನ್ನೂ ನೇಯುತ್ತದೆ. ಇಂಬಳದ ಜಾಣತನ ಇಲ್ಲಿದೆ. ಭಾರತದ ನೆಲದ ಇಂಬಳದಿಂದ ಬೇರ್ಪಡಿಸಿದ ಹೀಮಡಿನ್ ಎಂಬ ಪ್ರೋಟೀನನ್ನು 1993ರಲ್ಲಿ ವರ್ಣಿಸಲಾಯಿತು. ಅದು ಥ್ರಾಂಬಿನ್ನನ್ನೇ ಕಟ್ಟಿಹಾಕುತ್ತದೆ. ಬಾಗಿಲು ಬಡಿಯಬೇಕಾದವನನ್ನೇ ದಾರಿಯಲ್ಲಿ ತಡೆದಂತಾಯಿತು!

ವೈದ್ಯರೂ ಈ ಬೀಗವನ್ನು ಬಲ್ಲರು. ಹೃದ್ರೋಗಿಗಳಿಗೆ ಕೊಡುವ ಕ್ಲೊಪಿಡೋಗ್ರೆಲ್ ಗುಳಿಗೆ ಅಗುಳಿ ಸಡಿಲವಾಗದಂತೆ ನೋಡಿಕೊಳ್ಳುತ್ತದೆ. ಅದನ್ನು ಸೇವಿಸುವವರಿಗೆ ಇಂಬಳ ಕಚ್ಚಿದರೆ ನೆತ್ತರು ಇನ್ನೂ ಹೆಚ್ಚು ಹೊತ್ತು ಹರಿಯಬಹುದು. ಆಗ ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿಹಿಡಿಯಬೇಕು; ನಿಲ್ಲದಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಗಾಬರಿಯಿಂದ ಗುಳಿಗೆಯನ್ನು ತಾವಾಗಿಯೇ ಬಿಡಬಾರದು. ಕಾಲಿನ ಗಾಯ ಒಣಗುತ್ತದೆ. ಹೃದಯದ ನಾಳದಲ್ಲಿ ಅಗುಳಿ ಜಾರಿದರೆ ಆಗುವ ಹಾನಿ ಹಾಗೆ ಒಣಗುವಂಥದಲ್ಲ.