ಖಾಕಿಯೊಳಗೂ ಒಂದು ಮನಸ್ಸು

ಮಕ್ಕಳೇ, ನಾನು ನಿವೃತ್ತ ಹೆಡ್ ಕಾನ್‌ಸ್ಟೆಬಲ್. ಪ್ರತಿ ಅಕ್ಟೋಬರ್ 21ರಂದು ಮೊಮ್ಮಗಳ ಜೊತೆ ಪೊಲೀಸ್ ಕವಾಯತು ಮೈದಾನಕ್ಕೆ ಹೋಗುತ್ತೇನೆ. ಅಂದು ಪೊಲೀಸ್ ಹುತಾತ್ಮರ ದಿನ. 1959ರಲ್ಲಿ ಅದೇ ದಿನ, ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಕಾಣೆಯಾದ ಸಂಗಡಿಗರನ್ನು ಹುಡುಕಲು ಹೋದ 10 ಪೊಲೀಸರು ಚೀನಾ ಸೈನಿಕರ ಗುಂಡಿಗೆ ಬಲಿಯಾದರು.

ಈ ಸಲ ಮೊಮ್ಮಗಳು ಕೇಳಿದಳು: "ತಾತ, ನಿಮಗೂ ಗಾಯ ಆಗಿತ್ತಾ?"

"ಮೈಗಲ್ಲ ಪುಟ್ಟಿ, ಮನಸ್ಸಿಗೆ."

ಒಂದು ರಾತ್ರಿ ಹೆದ್ದಾರಿಯಲ್ಲಿ ಅಪಘಾತ. ನಾನು ಎತ್ತಿ ಆಂಬುಲೆನ್ಸಿನಲ್ಲಿ ಮಲಗಿಸಿದ ಹುಡುಗ ಉಳಿಯಲಿಲ್ಲ. ಆಮೇಲೆ ತಿಂಗಳುಗಟ್ಟಲೆ ನಿದ್ದೆ ಹತ್ತಲಿಲ್ಲ. ಊಟಕ್ಕೆ ಕೂತರೂ ಸಿಡುಕು. ಪೊಲೀಸಿನವನು ಅಳಬಾರದು ಅಂದುಕೊಂಡು ಯಾರಿಗೂ ಹೇಳಲಿಲ್ಲ. ಕೊನೆಗೆ ಜೊತೆಯ ಕಾನ್‌ಸ್ಟೆಬಲ್ ಒಬ್ಬರು ಬಿಡದೆ ಮಾತಾಡಿಸಿ, ಮನೋವೈದ್ಯರ ಬಳಿ ಕರೆದೊಯ್ದರು. ನಿಧಾನವಾಗಿ ನಿದ್ದೆ ಮರಳಿತು.

ಹೆಲ್ಮೆಟ್, ಗುರಾಣಿ ಮೈಯನ್ನು ಕಾಯುತ್ತವೆ. ಮನಸ್ಸನ್ನು ಕಾಯುವುದು ನಿದ್ದೆ, ವಾರದ ರಜೆ, ಕೇಳುವ ಕಿವಿ. 2022ರಿಂದ ಟೆಲಿ-ಮಾನಸ್ ಸಹಾಯವಾಣಿಯೂ ಇದೆ. 14416ಕ್ಕೆ ಯಾರು ಬೇಕಾದರೂ ಹಗಲಿರುಳು ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಅಜ್ಜ-ಅಜ್ಜಿಯರೇ, "ಊಟ ಮಾಡದಿದ್ರೆ ಪೊಲೀಸಿಗೆ ಹಿಡಿದು ಕೊಡ್ತೀನಿ" ಎಂದು ಮೊಮ್ಮಕ್ಕಳನ್ನು ಹೆದರಿಸಬೇಡಿ.

ಮೈದಾನದಿಂದ ಮರಳುವಾಗ ಸರ್ಕಲ್ಲಿನಲ್ಲಿ ಬಿಸಿಲಿಗೆ ನಿಂತಿದ್ದ ಟ್ರಾಫಿಕ್ ಪೊಲೀಸರಿಗೆ ಮೊಮ್ಮಗಳು ನೀರಿನ ಬಾಟಲಿ ಕೊಟ್ಟು, "ಅಂಕಲ್, ಊಟ ಆಯ್ತಾ?" ಅಂದಳು. ಅವರು ನಕ್ಕರು. ನನಗೆ ಆ ಜೊತೆಗಾರರು ನೆನಪಾದರು. ಅವರು ನನ್ನನ್ನು ಮೊದಲು ಕೇಳಿದ್ದೂ ಇದನ್ನೇ.